ಈ ಮನೆಯಲ್ಲಿ ವಾಸವಿರುವವರು

೪೧, ಕ್ಯಾಂಡ್ಲರ್ ಬೀದಿ,
ಥಾರ್ನ್‌ವಿಕ್.
೧೭ ನವೆಂಬರ್ ೨೦೧೪

ನನ್ನ ರಸೆಲ್‌ಗೆ,

ಹೇಗಿದ್ದೀಯ ಕಂದಾ? ಚಳಿ ಬಿತ್ತೆಂದರೆ ನಿನ್ನ ಎದೆ ಗೊರಗೊರ ಎನ್ನುತ್ತಿತ್ತು, ಈಗ ಬೆಚ್ಚಗೆ ಹೊದ್ದುಕೋ ಎನ್ನುವವರು ಯಾರಾದರೂ ಇದ್ದಾರಾ? ನನಗೇನೂ ಆಗಿಲ್ಲ, ಮಂಡಿನೋವು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ. ಕಾಣೆಯಾದವರನ್ನು ಹುಡುಕಿಕೊಡುವ ಸಂಸ್ಥೆಯವರು ಮೊನ್ನೆ ಫೋನ್ ಮಾಡಿದ್ದರು. ‘ನಿಮ್ಮ ಮಗ ಸಿಕ್ಕಿದಾರೆ, ಚೆನ್ನಾಗಿದಾರೆ, ಆದ್ರೆ ವಿಳಾಸ ಕೊಡ್ಬೇಡಿ ಅಂದಿದಾರೆ. ಒಂದು ಕಾಗದ ಬರ್ದುಕೊಟ್ರೆ ತಲುಪಿಸ್ತೀವಿ’ ಎಂದರು. ಚೆನ್ನಾಗಿದ್ದಾನೆ ಎಂದು ಕೇಳಿದ್ದೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಎಂಟು ವರ್ಷವಾಯಿತಲ್ಲೋ! ಒಂದೇ ಕಾಗದ ಅಂದಿದ್ದಾರೆ, ಆದ್ದರಿಂದ ಬೈಗುಳವನ್ನೆಲ್ಲ ನುಂಗಿಕೊಂಡು ವಿಷಯಕ್ಕೆ ಬರುತ್ತೇನೆ.

ನಿಮ್ಮಪ್ಪ ತೀರಿಕೊಂಡು ಐದು ವರ್ಷವಾಯಿತು. ಇದನ್ನು ಹೀಗೆ ಕಾಗದದಲ್ಲಿ ತಿಳಿಸಬೇಕಾಗಿ ಬಂತು ನೋಡು. ಕೊನೆಯವರೆಗೂ ನಿನ್ನ ಹೆಸರೆತ್ತಲಿಲ್ಲ, ಆದರೆ ತಿಂಗಳಿಗೊಮ್ಮೆ ನಿನ್ನ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ನೀನು ಅವರ ಜೊತೆ ಜಗಳವಾಡಿ ಮನೆ ಬಿಟ್ಟು ಹೋದ ವಾರವೇ ಮತದಾರರ ಪಟ್ಟಿಯ ಫಾರಂ ಬಂದಿತ್ತು. ‘ಈ ಮನೆಯಲ್ಲಿ ವಾಸವಿರುವವರು’ ಎಂಬ ಕಡೆ ನಿನ್ನ ಹೆಸರಿನ ಮೇಲೆ ಹಾಳೆ ಹರಿಯುವ ಹಾಗೆ ಗೀಟು ಹಾಕಿದರು. ಅವರು ಹೋದ ಮೇಲೆ ಬಂದ ಮೊದಲ ಫಾರಮ್ಮಿನಲ್ಲಿ ನಾನು ನಿನ್ನ ಹೆಸರನ್ನು ತಿರುಗಿ ಬರೆದೆ. ಆಮೇಲೆ ಪ್ರತಿ ವರ್ಷವೂ ಬರೆದೆ. ಯಾರ ಗಂಟು ಹೋಗುತ್ತದೆ ಅಂದುಕೊಂಡೆ. ಒಬ್ಬರೇ ಇರುವ ಮನೆಗೆ ಊರಿನ ಕೌನ್ಸಿಲ್ಲಿಗೆ ಕಟ್ಟುವ ಮನೆತೆರಿಗೆಯಲ್ಲಿ ಕಾಲುಭಾಗ ಮಾಫಿ ಇದೆಯಲ್ಲ, ಒಬ್ಬಳೇ ಇದ್ದೇನೆ ಎಂದು ಅದಕ್ಕೂ ಸಹಿ ಹಾಕಿದೆ. ಅದೂ ಸುಳ್ಳಲ್ಲವಲ್ಲ!

ಕಳೆದ ವರ್ಷ ಕೌನ್ಸಿಲ್ಲಿನವರು ಎರಡೂ ಕಾಗದ ತಾಳೆ ನೋಡಿದರು. ಕಚೇರಿಯ ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು, ‘ಎರಡೂ ನಿಮ್ಮದೇ ಕೈಬರಹ ಅಲ್ವಾ ಮಿಸೆಸ್ ಟಾಸ್ಕರ್? ಇದ್ರಲ್ಲಿ ಒಬ್ಳೇ ಅಂತೀರಿ, ಇದ್ರಲ್ಲಿ ಇಬ್ರು ಅಂತೀರಿ. ಯಾವ್ದನ್ನ ನಂಬ್ಲಿ?’ ಎಂದಳು. ‘ಎರಡನ್ನೂ ನಂಬು ತಾಯಿ’ ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ಮಾಫಿ ರದ್ದಾಯಿತು, ನಾಲ್ಕು ವರ್ಷದ ಬಾಕಿಯನ್ನು ತಲೆಗೆ ಕಟ್ಟಿದರು. ಪಕ್ಕದ ಮನೆಯ ಬೆರಿಲ್ ಬೇರೆ, ‘ಹೋಗ್ಲಿ ಬಿಡೆ, ಸತ್ತುಹೋಗಿದಾನೆ ಅಂದ್ಬಿಡು, ತಲೆನೋವೇ ಇರಲ್ಲ’ ಎಂದಳು. ಅವತ್ತಿನಿಂದ ಅವಳ ಮನೆ ಚಹಾ ಕುಡಿದಿಲ್ಲ.

ಬಾಕಿ ಕಟ್ಟಲಾಗಲಿಲ್ಲ, ಈ ಆಗಸ್ಟಿನಲ್ಲಿ ಜಪ್ತಿಯವರು ಬಂದರು. ಟಿವಿ ಹಳೆಯದು, ಸೋಫಾ ಹರಿದದ್ದು. ಆಮೇಲೆ ಶೆಡ್ಡಿನ ಬಾಗಿಲು ತೆಗೆಸಿದರು. ಅಯ್ಯೋ ರಸೆಲ್, ಅಲ್ಲಿ ನಾನು ದೊಡ್ಡ ತಪ್ಪು ಮಾಡಿಬಿಟ್ಟೆ. ‘ಈ ಬೈಕ್ ಯಾರ್ದು?’ ಎಂದು ಕೇಳಿದರು. ನಿನ್ನದು ಎಂದರೆ, ನೋಡಿ ಮಗ ಇಲ್ಲೇ ಇದ್ದಾನೆ ಎನ್ನುತ್ತಾರೆ ಎಂದು ಹೆದರಿ, ನನ್ನದು ಎಂದೆ. ಆ ದಡಿಯ ನಕ್ಕ. ‘ನೀವೇ ಓಡಿಸ್ತೀರಾ ಅಜ್ಜಿ?’ ‘ಹೌದು, ಭಾನುವಾರ ಭಾನುವಾರ’ ಎಂದೆ. ನನ್ನದು ಅಂದದ್ದಕ್ಕೇ ವ್ಯಾನಿಗೆ ಏರಿಸಿಕೊಂಡು ಹೋಗಿಬಿಟ್ಟರು. ಮೂರು ವರ್ಷ ಒಂದೊಂದೇ ಭಾಗ ಹುಡುಕಿ ತಂದು ನೀನು ಜೋಡಿಸಿದ ಬೈಕು! ನನಗೋಸ್ಕರ ಬಾರದಿದ್ದರೂ ಅದಕ್ಕೋಸ್ಕರವಾದರೂ ಒಂದು ದಿನ ಬರುತ್ತೀಯ ಎಂದು ಕಾದಿದ್ದೆ. ಈಗ ಶೆಡ್ಡಿನ ಕಡೆ ನೋಡಲಾಗುವುದಿಲ್ಲ.

ಹರಾಜಿನಲ್ಲಿ ಕೊಂಡವನನ್ನು ಹುಡುಕಿಕೊಂಡು ಎರಡು ಬಸ್ಸು ಬದಲಾಯಿಸಿ ಹೋದೆ. ಪಿಕರ್ಸ್‌ಗಿಲ್ ಎಂದು, ಮಾಂಸದಂಗಡಿಯವನು. ಕೈಮುಗಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ‘ಕೊಟ್ಟ ದುಡ್ಡು ಬಂದ್ರೆ ಸಾಕು. ಕ್ರಿಸ್‌ಮಸ್ ತನಕ ಇಟ್ಕೊಂಡಿರ್ತೀನಿ, ಆಮೇಲೆ ಬಿಚ್ಚಿ ಮಾರ್ತೀನಿ’ ಎಂದ. ನನ್ನ ಪಿಂಚಣಿಯಲ್ಲಿ ಅದು ಆಗದ ಮಾತು. ಕೌನ್ಸಿಲ್ಲಿನಿಂದ ಪರಿಹಾರ ಕೇಳಿ ಆರು ಅರ್ಜಿ ಹಾಕಿದ್ದೇನೆ, ಮೇಯರ್ ಚರ್ಚಿಗೆ ಬಂದಾಗ ಬಾಗಿಲಲ್ಲಿ ಅಡ್ಡ ನಿಂತು ಕೂಗಾಡಿದ್ದೇನೆ. ನಾಚಿಕೆ ಎಲ್ಲ ಬಿಟ್ಟಾಗಿದೆ ಮಗನೇ. ಎಂಟು ವರ್ಷದಿಂದ ನೀನು ಇಲ್ಲಿ ವಾಸವಿಲ್ಲ, ಬೈಕು ನಿನ್ನದೇ ಎಂದು ನೀನೇ ಬರೆದು ಸಹಿ ಹಾಕಿದರೆ ಜಪ್ತಿಯೇ ತಪ್ಪೆಂದು ಒಪ್ಪಿ ಪರಿಹಾರ ಕೊಡುತ್ತಾರಂತೆ. ಡಿಸೆಂಬರ್ ಒಂಬತ್ತಕ್ಕೆ ವಿಚಾರಣೆ. ಅಷ್ಟರೊಳಗೆ ಸಂಸ್ಥೆಯವರ ಕೈಯಲ್ಲಿ ಎರಡು ಸಾಲು ಕಳಿಸು. ನಿನ್ನ ವಿಳಾಸ ನನಗೆ ಬೇಡ, ಆಣೆಗೂ ಕೇಳುವುದಿಲ್ಲ.

ಎಲ್ಲಿದ್ದರೂ ಹೊಟ್ಟೆತುಂಬ ಉಣ್ಣು, ಕಾಲುಚೀಲ ಒದ್ದೆಯಾದರೆ ಬದಲಾಯಿಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ನಾರ್ಮಾ

ಮರೆತಿದ್ದೆ: ಇಲ್ಲಿ ವಾಸವಿಲ್ಲ ಎಂದಷ್ಟೇ ಬರೆ. ಇನ್ನು ಬರುವುದಿಲ್ಲ ಎಂದು ಮಾತ್ರ ಬರೆಯಬೇಡ ಕಂದಾ, ಅದನ್ನು ಕೌನ್ಸಿಲ್ಲಿನವರು ಕೇಳಿಲ್ಲ.