ಎರಡು ಮೊಹರು ಬಿದ್ದ ಕಾರ್ಡಿನ ಬಗ್ಗೆ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನನ್ನ ಮಗಳ ಲಸಿಕೆ ಕಾರ್ಡು ಕ್ಷೇಮವಾಗಿದೆ. ಹನ್ನೆರಡು ವರ್ಷದಲ್ಲಿ ಅದಕ್ಕೆ ಒಂದು ನೆಗಡಿಯೂ ಆಗಿಲ್ಲ. ದಡಾರದ ಎರಡು ಮೊಹರೂ ನಿನ್ನೆ ಒತ್ತಿದಷ್ಟು ಸ್ಪಷ್ಟವಾಗಿವೆ. ಆ ಮೊಹರುಗಳನ್ನು ನೋಡಿಯೇ ನಿಮ್ಮ ಇಲಾಖೆ ಕಳೆದ ತಿಂಗಳ ಮೊದಲ ಮಂಗಳವಾರ ಅವಳಿಗೆ ಚುಚ್ಚುಮದ್ದು ಕೊಡದೆ ವಾಪಸು ಕಳಿಸಿತು. ದಡಾರ ಬಂದರೆ ಹಾಸಿಗೆ ಹಿಡಿಯುವವಳು ಮಗಳು, ಕಾರ್ಡಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ನಾನು ಬಾಂಗ್ವೆಯುಲು ಸರೋವರದ ದಡದಲ್ಲಿ ಇಪ್ಪತ್ತೆರಡು ವರ್ಷ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿದವಳು. ನನಗೆ ಎಚ್‌ಐವಿ ಇದೆ. ಊರಿಗೆಲ್ಲ ಗೊತ್ತಿರುವುದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಮಾಡಲಿ? ಮಗಳು ಚಿಲೇಶೆಗೂ ಹುಟ್ಟಿನಿಂದಲೇ ಇದೆ. ಒಂಬತ್ತನೇ ತಿಂಗಳಲ್ಲಿ ಒಂದು, ಒಂದೂವರೆ ವರ್ಷಕ್ಕೆ ಇನ್ನೊಂದು ಎಂದು ಅವಳಿಗೆ ದಡಾರದ ಲಸಿಕೆ ಬಿದ್ದಾಗ ನಮಗೆ ಸೋಂಕಿನ ವಿಷಯವೇ ತಿಳಿದಿರಲಿಲ್ಲ. ಮಾತ್ರೆ ಶುರುವಾಗುವಾಗ ಅವಳಿಗೆ ನಾಲ್ಕು ವರ್ಷ, ತೂಕ ಒಂಬತ್ತು ಕೆಜಿ. ಅಷ್ಟರಲ್ಲಿ ಸೋಂಕು ಅವಳ ರಕ್ತದ ಕಾವಲುಗಾರರನ್ನು ತಿಂದು ಮುಗಿಸಿತ್ತು. ದಡಾರದ ಗುರುತು ಕಲಿತಿದ್ದವರೂ ಅವರ ಜೊತೆಯಲ್ಲೇ ಹೋದರು. ಮಾತ್ರೆಯ ದಯೆಯಿಂದ ಈಗ ಹೊಸಬರು ತುಂಬಿಕೊಂಡಿದ್ದಾರೆ. ಅವರಿಗೆ ದಡಾರ ಎಂದರೇನೆಂದು ಯಾರೂ ಕಲಿಸಿಲ್ಲ. ಹಳೆಯ ಮಕ್ಕಳೆಲ್ಲ ಪಾಸಾಗಿ ಹೋದ ಮೇಲೆ ನಾನು ಹಳೆಯ ಹಾಜರಿ ಪುಸ್ತಕ ಹಿಡಿದು, 'ಈ ತರಗತಿಗೆ ಮಗ್ಗಿ ಕಲಿಸಿ ಆಗಿದೆ' ಎಂದು ಕುರ್ಚಿಯಲ್ಲಿ ಒರಗಿದ್ದರೆ ಯಾವ ಇನ್ಸ್‌ಪೆಕ್ಟರು ಒಪ್ಪುತ್ತಿದ್ದರು? ನಿಮ್ಮಲ್ಲಿ ಅದನ್ನು ಸುತ್ತೋಲೆ ಎನ್ನುತ್ತಾರೆ.

ಮಾತ್ರೆ ಕೊಡುವ ವೈದ್ಯರು ಇದನ್ನೆಲ್ಲ ಬಲ್ಲರು. ಅವಳ ರಕ್ತ ಈಗ ಚೆನ್ನಾಗಿದೆ, ಲಸಿಕೆ ಮತ್ತೊಮ್ಮೆ ಬೇಕು ಎಂದು ಅವರೇ ಚೀಟಿ ಬರೆದುಕೊಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಲಸಿಕೆ ಸಾಲದು, ಆದ್ದರಿಂದ ಎರಡು ಮೊಹರು ಇದ್ದವರನ್ನು ಬಿಡಿ ಎಂದು ನಿಮ್ಮ ಸುತ್ತೋಲೆ ಹೇಳಿತ್ತು. ಶಾಲೆಯ ಮಾವಿನ ಮರದ ಕೆಳಗೆ ಮೇಜು ಹಾಕಿ ಕೂತಿದ್ದ ಸಿಸ್ಟರು ಕಾರ್ಡು ತಿರುಗಿಸಿ ನೋಡಿ ನಕ್ಕರು.

"ಎಷ್ಟು ಚೆನ್ನಾಗಿಟ್ಟಿದೀರ ಟೀಚರಮ್ಮ! ಎರಡೂ ಬಿದ್ದಿದೆ. ನಿಮ್ಮಂಥ ತಾಯಂದಿರಿದ್ರೆ ನಮ್ಮ ಕೆಲ್ಸ ಹಗುರ."

ಚೀಟಿ ತೋರಿಸಿದೆ. ಚೀಟಿಯ ವಿಷಯ ಸುತ್ತೋಲೆಯಲ್ಲಿ ಇಲ್ಲ ಎಂದರು. ನಮ್ಮ ಹಿಂದೆ ನಿಂತಿದ್ದ ಹದಿನಾಲ್ಕರ ಹುಡುಗ ಮುಸೊಂಡಾನಿಗೂ ಇದೇ ಉತ್ತರ. ಅವನೂ ಚಿಲೇಶೆಯಂತೆ ಹುಟ್ಟಿನಿಂದ ಸೋಂಕು ಹೊತ್ತವನು. ಮಾತ್ರೆ ಕೊಡುವ ದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಿತ್ತಾಡುವವರು. ಅವನ ಹಿಂದೆ ನೆರೆಮನೆಯ ಬಾನಾ ಕಪೆಂಬ್ವಾ ಇದ್ದಳು. ಅವಳ ದೋಣಿ ಮಗುಚಿದಾಗ ಕಾರ್ಡು ಸರೋವರದ ಪಾಲಾಗಿತ್ತು. ಕಾರ್ಡಿಲ್ಲದ ಅವಳ ಮಗನಿಗೆ ಮರುಮಾತಿಲ್ಲದೆ ಚುಚ್ಚುಮದ್ದು ಸಿಕ್ಕಿತು. "ನಿಂಗೆ ಕಾರ್ಡಿತ್ತು, ನಂಗೆ ಸರೋವರ ಇತ್ತು. ಯಾವುದು ಕೈ ಹಿಡೀತು ನೋಡು" ಎಂದು ದಾರಿಯುದ್ದಕ್ಕೂ ನನ್ನನ್ನು ಗೇಲಿ ಮಾಡಿದಳು. ನಾನೂ ನಕ್ಕೆ. ನಗಬಾರದಿತ್ತು.

ಯಾಕೆಂದರೆ ಈ ಊರಿನಲ್ಲಿ ಕಾರ್ಡು ಕಾಯುವುದನ್ನು ಕಲಿಸಿದವಳು ನಾನೇ. ಚಿಕಿತ್ಸಾಲಯದ ಜಗಲಿಯಲ್ಲಿ ಕೂತು, ಸೋಂಕಿರುವ ಮಕ್ಕಳ ತಾಯಂದಿರು ಇಪ್ಪತ್ತಮೂರು ಮಂದಿಗೆ ನಿಮ್ಮ ಪರವಾಗಿ ಪಾಠ ಹೇಳಿದ್ದೇನೆ. ಮದುವೆಯ ಬಟ್ಟೆಯ ಮಡಿಕೆಯಲ್ಲಿಡಿ, ಗುಡಿಸಲಿಗೆ ಬೆಂಕಿ ಬಿದ್ದರೆ ಮೊದಲು ಮಗು, ಆಮೇಲೆ ಕಾರ್ಡು, ಆಮೇಲೆ ಪಾತ್ರೆ. ಪಾಪ, ಅವರು ಹಾಗೆಯೇ ಮಾಡಿದರು.

ಮುಸೊಂಡಾ ದ್ವೀಪದ ಮೀನು ಶಿಬಿರಕ್ಕೆ ಮರಳಿದ. ಅಲ್ಲಿ ಜ್ವರ, ಕೆಮ್ಮು ಹತ್ತಿತು, ಕಣ್ಣು ಕೆಂಪಾಗಿ ಬೆಳಕು ಸಹಿಸದಾಯಿತು. ಮೈಮೇಲೆ ಒಂದು ದದ್ದೂ ಏಳಲಿಲ್ಲ. ದದ್ದಿಲ್ಲದ ಮೇಲೆ ದಡಾರ ಹೇಗಾದೀತು? ಅಲ್ಲಿನ ಚಿಕಿತ್ಸಾಲಯದವರು ನ್ಯುಮೋನಿಯಾ ಎಂದು ಬರೆದು, ರಕ್ತವನ್ನು ಪರೀಕ್ಷೆಗೆಂದು ರಾಜಧಾನಿಗೆ ಕಳಿಸಿದರು. ಇಂಥ ಮಕ್ಕಳಲ್ಲಿ ದಡಾರ ದದ್ದು ತೋರಿಸದೆಯೂ ಕೊಲ್ಲುತ್ತದೆ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ತಿಳಿದಿತ್ತೇ? ಹನ್ನೆರಡು ದಿನದ ಹಿಂದೆ ಅವನ ಶವ ದೋಣಿಯಲ್ಲಿ ಬಂತು, ಜೊತೆಗೆ ಕೆಮ್ಮುವ ತಮ್ಮಂದಿರು. ಸಾವಿನ ಮನೆಯಲ್ಲಿ ನಮ್ಮವರು ಹೇಗೆ ಕೂರುತ್ತಾರೆಂದು ನಿಮಗೂ ಗೊತ್ತು. ಹೆಂಗಸರು, ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆಗೆ ಚಾಪೆ ಸೇರಿಸಿ ಮೂರು ದಿನ ಇದ್ದೆವು. ನ್ಯುಮೋನಿಯಾಕ್ಕೆ ಯಾರು ಹೆದರುತ್ತಾರೆ? ಚಿಲೇಶೆ ಗೆಳೆಯನ ತಮ್ಮಂದಿರನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು.

ಅವನ ತಾಯಿ ನನ್ನ ಪಕ್ಕದಲ್ಲೇ ಇದ್ದಳು. ಸೆರಗಿನ ಗಂಟಿನಿಂದ ಕಾರ್ಡು ತೆಗೆದು ನನ್ನ ಕೈಗಿಟ್ಟಳು.

"ನೀವೇ ಅಲ್ವಾ ಟೀಚರಮ್ಮ, ಕಾರ್ಡು ಜೋಪಾನ ಅಂದಿದ್ದು? ಒಂದು ಮೂಲೆ ಸಹ ಮಡಚಿಲ್ಲ ನೋಡಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಸೊಂಡಾನ ರಕ್ತದ ವರದಿ ನಿನ್ನೆ ರಾಜಧಾನಿಯಿಂದ ಬಂತು. ದಡಾರ. ಪ್ರತಿ ವರ್ಷದಂತೆ ಡಿಸೆಂಬರ್ ಒಂದರಿಂದ ಮೀನು ಹಿಡಿಯುವುದಕ್ಕೆ ನಿಷೇಧ. ದ್ವೀಪಗಳ ಶಿಬಿರಗಳೆಲ್ಲ ಖಾಲಿಯಾಗಿ ದೋಣಿಗಳು ಇದೇ ದಡಕ್ಕೆ ಬರುತ್ತವೆ. ಅದಕ್ಕಿನ್ನು ಐದು ದಿನ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದ ಹಾಗೆ ನಿಮ್ಮ ಲಸಿಕೆಯ ದೋಣಿ ಈ ಶುಕ್ರವಾರ ಮತ್ತೆ ಬರಲಿದೆಯಂತೆ, ಅದೇ ಸುತ್ತೋಲೆ ಹಿಡಿದು.

ನಾನು ಕೇಳುವುದು ಒಂದು ಸಾಲು. ಮಾತ್ರೆ ತೆಗೆದುಕೊಂಡು ಸುಧಾರಿಸಿರುವ ಮಕ್ಕಳಿಗೆ, ಹಳೆಯ ಮೊಹರು ಎಷ್ಟೇ ಇರಲಿ, ದಡಾರದ ಲಸಿಕೆ ಮತ್ತೆ ಕೊಡತಕ್ಕದ್ದು ಎಂದು ಬರೆದು ಶುಕ್ರವಾರದೊಳಗೆ ಸಹಿ ಹಾಕಿ. ಹಾಕದಿದ್ದರೆ ನಾವು ಇಪ್ಪತ್ತಮೂರು ಮಂದಿ ಕಾರ್ಡುಗಳನ್ನು ನನ್ನ ಇದ್ದಿಲೊಲೆಗೆ ಹಾಕಿ, ಕಳೆದುಹೋಯಿತು ಎಂದು ಸುಳ್ಳು ಹೇಳಿ ಸಾಲಿನಲ್ಲಿ ನಿಲ್ಲುತ್ತೇವೆ. ಮುಸೊಂಡಾನ ತಾಯಿಯೂ ತನ್ನದನ್ನು ತರುತ್ತಾಳಂತೆ. ಅವಳಿಗಿನ್ನು ಸಾಲು ಬೇಕಿಲ್ಲ.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಬರೆಯುತ್ತಿದ್ದಾಗ ಚಿಲೇಶೆ ಎದ್ದು ಬಂದು, ಬಾಗಿಲಿನ ಬೆಳಕಿಗೆ ಬೆನ್ನು ಹಾಕಿ ಕೂತಳು. "ಅವ್ವಾ, ಹೊಗೆಗೆ ಕಣ್ಣು ಉರೀತದೆ" ಎಂದಳು.

ನಾನಿನ್ನೂ ಒಲೆ ಹಚ್ಚಿರಲಿಲ್ಲ.

ಇಂತಿ,
ಹನ್ನೆರಡು ವರ್ಷ ಕಾರ್ಡು ಕಾದವಳು,
ಚಿಲೇಶೆಯ ತಾಯಿ