ಒಣಗಬಾರದ ಬಟ್ಟೆ

ರೀ,

ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ನಾನು ಮಾಡುತ್ತಿರುವ ಮಣ್ಣಿನ ತಲೆಗೆ ಸುತ್ತಿದ ಬಟ್ಟೆಗೆ ನೀರು ಚಿಮುಕಿಸಿ. ನಿನ್ನೆಯ ಹಾಗೆ ಕೊಳೆಯಾಗಿದೆ ಅಂತ ಅದನ್ನು ಒಗೆದು ಹಗ್ಗಕ್ಕೆ ಹಾಕಬೇಡಿ. ನೀವು ಚೊಕ್ಕ ಮಾಡಿದ್ದಕ್ಕೆ ಒಂದು ಕಿವಿ ಬಿರುಕು ಬಿಟ್ಟಿದೆ.

ನಾನು ಚಿತ್ರದಂಗಡಿಗೆ ಹೊರಟೆ. ಮಾಲೀಕರಿಗೆ ಮತ್ತೆ ಅದೇ ನೀಲಿ ಕಿಟಕಿಯ ಚಿತ್ರ ಬೇಕಂತೆ, ನಲವತ್ತೊಂದನೆಯದು. ಈ ಸಲ ಅವರ ಕಣ್ಣೆದುರೇ ಕೂತು ಮುಗಿಸಬೇಕಂತೆ. “ನಿಮ್ಮ ಕೈ ಕಿಟಕಿಗೇ ಹೇಳಿ ಮಾಡಿಸಿದ್ದಮ್ಮ” ಅಂತಾರೆ.

ಅಂಗಡಿಯಿಂದ ಯಾರಾದರೂ ಚಿತ್ರಕ್ಕೆಂದು ಕೊಟ್ಟಿದ್ದ ಮರದ ಚೌಕಟ್ಟು ಕೇಳಿಕೊಂಡು ಬಂದರೆ ಗೊತ್ತಿಲ್ಲ ಅನ್ನಿ. ಅದನ್ನು ಮುರಿದು ಮಣ್ಣಿನ ಕುತ್ತಿಗೆಯೊಳಗೆ ಆಧಾರಕ್ಕೆ ನಿಲ್ಲಿಸಿದ್ದೇನೆ.

ಮುಖ ಯಾರದು ಅಂತ ಕೇಳುತ್ತಿದ್ದಿರಲ್ಲ, ನನ್ನದೇ. ತುಟಿಗಳನ್ನು ಇನ್ನೂ ಬಿಡಿಸಿಲ್ಲ. ನಾನು ಬರುವವರೆಗೆ ಒಣಗದ ಹಾಗೆ ನೋಡಿಕೊಳ್ಳಿ.