ವಹಿ ಕಪಾಟಿನಲ್ಲೇ ಇತ್ತು, ಕಾಕಾ

ನನಗೆ ಕಚೇರಿ ಕೆಲಸ ಕಲಿಸಿದ ಶಿವಪ್ಪ ಕಾಕಾ,

ಕಾಲಿಗೆ ಬಿದ್ದೇ ಶುರು ಮಾಡುತ್ತೇನೆ. ತಲೆಯೆತ್ತಿ ಬರೆಯುವ ಮುಖ ನನಗಿಲ್ಲ.

ನೀವು ರಿಟೈರಾದ ದಿನ ನೆನಪಿದೆಯೇ? ತಿಕೋಟಾದ ನಮ್ಮ ಕಚೇರಿಯ ಹುಟ್ಟು-ಸಾವಿನ ರಿಜಿಸ್ಟರುಗಳನ್ನೆಲ್ಲ ನೀವೇ ನಕಲು ಮಾಡಿ, ಗಂಟು ಕಟ್ಟಿ, ಬಬಲೇಶ್ವರದ ಕಚೇರಿಯಲ್ಲಿ ಇಡಿಸಿದ್ದಿರಿ. ನಕಲಿನಲ್ಲಿ ಊರಿನ ಹೆಸರಿಲ್ಲ, ಬರೀ ನಂಬರು, ಗಂಟುಗಂಟಿಗೂ ಬೇರೆ. ಯಾವ ನಂಬರು ಯಾವ ಊರಿನದು ಎಂಬುದೆಲ್ಲ ಒಂದು ತೆಳ್ಳನೆಯ ವಹಿಯಲ್ಲಿ. ಅದನ್ನು ನಿಮ್ಮ ಮನೆಯ ಕಟ್ಟೆಯ ಮೇಲೆ ನನ್ನ ಕೈಗಿಟ್ಟು, "ಲೇ ಮಲ್ಲೂ, ಇದನ್ನ ಕಪಾಟಿನ್ಯಾಗ ಇಡಬ್ಯಾಡ. ಇನ್ನೊಂದು ಪ್ರತಿ ಬರಿ. ನಿನ್ನ ಮನ್ಯಾಗ ಒಂದು, ಬಬಲೇಶ್ವರದಾಗ ಒಂದು ಇರ್ಲಿ. ಮೂಲ ಹೋದ್ರ ನಕಲು ಹುಡುಕಾಕ ಇದೊಂದ ದಾರಿ" ಎಂದಿರಿ. "ಹೂಂರಿ ಕಾಕಾ" ಎಂದೆ.

ಹೂಂ ಎಂದವನು ಮಾಡಿದ್ದೇನು? ಪ್ರತಿ ಬರೆಯಲು ಮೈಗಳ್ಳತನ. ರಿಜಿಸ್ಟರಿನ ವಹಿ ರಿಜಿಸ್ಟರಿನ ಪಕ್ಕದಲ್ಲಿದ್ದರೇ ಚೆಂದ ಎಂದು ಅದೇ ಕಪಾಟಿಗೆ ತುರುಕಿದೆ. ನೀವು ತೀರಿಕೊಂಡ ಮರುವರ್ಷ ಗೋಡೆಯಿಂದ ಗೆದ್ದಲು ಎದ್ದು, ಕಪಾಟಿನೊಳಗಿದ್ದದ್ದೆಲ್ಲ ಮಣ್ಣಾಯಿತು. ವಹಿಯೂ.

ಕನಮಡಿಯ ಗಂಗವ್ವ ಬಂದದ್ದು ಅದೇ ಹೊತ್ತಿಗೆ. ವಿಜಾಪುರದಲ್ಲಿ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. ಶಾಲೆಯಲ್ಲಿ ಮಾಸ್ತರರು ಅಂದಾಜಿಗೆ ಬರೆದ ತಾರೀಖಿನಿಂದಾಗಿ ವಯಸ್ಸು ಎರಡು ವರ್ಷ ಹೆಚ್ಚಾಗಿ ಮಿತಿ ದಾಟಿತ್ತು. "ನಾ ಹುಟ್ಟಿದ್ದು ನಿಮ್ಮ ದಫ್ತರದಾಗ ಇರತೈತ್ರಿ. ಒಂದು ದಾಖಲೆ ಬರದು ಕೊಡ್ರಿ, ಸೋಮವಾರ ಕಡೀ ದಿನ ಐತಿ" ಎಂದು ಕೈಮುಗಿದಳು. ಬಬಲೇಶ್ವರಕ್ಕೆ ಓಡಿದೆ. ಗಂಟುಗಳು ಇಟ್ಟಂತೆಯೇ ಇವೆ, ನಿಮ್ಮ ಮುತ್ತಿನಂಥ ಅಕ್ಷರ. ಆದರೆ ಅವುಗಳಲ್ಲಿ ಕನಮಡಿಯದು ಯಾವುದು? ಸಂಗಪ್ಪನ ಮಗಳು ಗಂಗವ್ವ ಊರೂರಿಗೂ ಇದ್ದಾಳೆ. ಸೋಮವಾರ ಹೋಯಿತು.

ಆಮೇಲೆ ಅವಳು ಬಂದು ಕೇಳಿದಾಗ ನನ್ನ ನಾಲಿಗೆಗೆ ಏನು ಬಂದಿತ್ತೋ... "ಹಳೇ ಗುಮಾಸ್ತರು ಹೆಂಗಬೇಕ ಹಂಗ ಬರದಿಟ್ಟ ಹೋಗ್ಯಾರವ್ವಾ, ನಾ ಏನ್ ಮಾಡ್ಲಿ?" ಎಂದುಬಿಟ್ಟೆ. ಥೂ! ಉಂಡ ಮನೆಯ ಗಳ ಎಣಿಸಿದೆ, ಕಾಕಾ.

ಅಲ್ಲಿಂದ ಮುಂದೆ ಪ್ರತಿ ರವಿವಾರ ಬಬಲೇಶ್ವರಕ್ಕೆ ಹೋದೆ. ಅವಳ ಓಣಿಯವರ ಹೆಸರು ಹಿಡಿದು ಒಂದೊಂದೇ ಹಾಳೆ ತಿರುವಿದೆ. ಮೊನ್ನೆ ಅವಳ ಹುಟ್ಟಿನ ದಾಖಲೆ ಸಿಕ್ಕಿತು. ಆ ಸೋಮವಾರಕ್ಕೆ ಅವಳ ವಯಸ್ಸು ಮಿತಿಯೊಳಗೇ ಇತ್ತು. ಈಗ ದಾಟಿದೆ. ಆದರೂ ದಾಖಲೆ ಬರೆದುಕೊಂಡು ಕನಮಡಿಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವಳು ಕಾಗದವನ್ನು ಮುಟ್ಟಲೂ ಇಲ್ಲ. "ಯಪ್ಪಾ! ನಿಮ್ಮ ಮಾತು ಕೇಳಿ ಆ ಗುಮಾಸ್ತರ ಮನಿಗೆ ಹೋಗಿ, ಅವರ ಹೇಣ್ತಿಗೆ, ಆ ಮುದುಕಿಗೆ, ಬಾಯಿಗೆ ಬಂದಂಗ ಬೈದು ಬಂದೇನಲ್ರಿ!" ಎಂದಳು.

ಅಲ್ಲಿಂದ ಸೀದಾ ನಿಮ್ಮ ಮನೆಗೆ ಬಂದೆ. ಕಾಕು ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ತೊದಲುವುದನ್ನೆಲ್ಲ ಕೇಳಿ, "ಅವರು ವಹಿ ನಿನ್ನ ಕೈಯಾಗ ಕೊಟ್ಟಾಗ ನಾ ಬಾಗಲದಾಗ ನಿಂತಿದ್ನಲ್ಲೋ" ಎಂದರು.

"ಮತ್ತ ಆಕಿ ಬೈಯುವಾಗ ಯಾಕ ಸುಮ್ನಿದ್ರಿ ಕಾಕು?"

"ಹೇಳಿದ್ರ ನಿನ್ನ ನೌಕರಿ ಹೋಗ್ತಿತ್ತು. ಸತ್ತವರದು ಏನ್ ಹೋಗತೈತಿ?"

ಏನು ಹೋಗುತ್ತದೆಂದು ನನಗೆ ಗೊತ್ತಿಲ್ಲವೇ? ಇವತ್ತು ಆದದ್ದೆಲ್ಲವನ್ನೂ ಬರೆದು, ಕೆಳಗೆ ಸಹಿ ಮಾಡಿ, ಸಾಹೇಬರ ಮೇಜಿನ ಮೇಲಿಟ್ಟು ಬಂದಿದ್ದೇನೆ. ನಿಮ್ಮ ಕೆಲಸದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ ಎಂದು ಬರೆದಿದ್ದೇನೆ. ಇನ್ನೂ ಕರೆ ಬಂದಿಲ್ಲ. ಕಾಕೂಗೆ ಹೇಳಿಲ್ಲ.

ನಿಮ್ಮ ಮಲ್ಲು